ಕಾಲ್ಚೀಲದಕ್ಕನ ಹತ್ತು ವರ್ಷ

ಬೆಳಗಿನ ಐದೂ ಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ. ತುದಿಗಾಲಲ್ಲಿ ದಾಟಿ ಬಂದ ಅಕ್ಕ ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ಅಂಚು ಮಡಚಿದ ರಿಜಿಸ್ಟರಿನ ಮೇಲೆ ಬೆರಳಿಟ್ಟು ನಂಬರ್ ಒತ್ತುತ್ತಾರೆ. ಆ ಕಡೆ ಇರುವುದು ಬಸ್ ಡ್ರೈವರ್. ಆರು ಗಂಟೆಗೆ ಸ್ಟೇರಿಂಗ್ ಹಿಡಿದರೆಂದರೆ ಆಮೇಲೆ ಅವರು ಕೈಗೆ ಸಿಗುವ ಆಸಾಮಿಯಲ್ಲ.

“ಅಣ್ಣಾ, ಕಾಲ್ಚೀಲ ಹಾಕ್ಕೊಂಡ್ರಾ?”

“ಈಗ ತಾನೆ ಹಾಕ್ಕೊಂಡೆ ಅಕ್ಕಾ.”

“ನೀವೇನಾ, ಅತ್ತಿಗೆನಾ?”

“ನಾನೇ, ನಿಮ್ಮಾಣೆ!”

“ನಿಂತ್ಕೊಂಡಾ, ಕೂತ್ಕೊಂಡಾ?”

“ನಿಂತ್ಕೊಂಡೇ. ಆದ್ರೆ ಗೋಡೆ ಹಿಡ್ಕೊಂಡಿದ್ದೆ.”

“ಗೋಡೆ ಹಿಡಿದುಕೊಂಡು” ಎಂದು ಅಕ್ಕ ಇದ್ದದ್ದನ್ನು ಇದ್ದ ಹಾಗೇ ಬರೆದುಕೊಳ್ಳುತ್ತಾರೆ. ಆಮೇಲೆ ಮೆಟ್ಟಿಲು, ಮಗ್ಗುಲು ಬದಲಿಸುವುದು, ಕೆಳಗೆ ಬಿದ್ದ ವಸ್ತು ಎತ್ತಿಕೊಳ್ಳುವುದು ಹೀಗೆ ಇನ್ನೂ ಹನ್ನೊಂದು ಪ್ರಶ್ನೆ. ಒಂದು ಕರೆಗೆ ಹತ್ತು ನಿಮಿಷ, ದಿನಕ್ಕೆ ಆರೇಳು ಕರೆ. ಅದರಲ್ಲಿ ಅರ್ಧದಷ್ಟು ಜನ ಮೊದಲ ಸಲಕ್ಕೆ ಫೋನ್ ಎತ್ತುವುದೇ ಇಲ್ಲ. ಎತ್ತುವವರಿಗೆಲ್ಲ ಇವರು ‘ಕಾಲ್ಚೀಲದಕ್ಕ’.

ಈ ಆಸ್ಪತ್ರೆಯಲ್ಲಿ ಸೊಂಟದ ಕೀಲಿಗೆ ಕೀಹೋಲ್ ಆಪರೇಷನ್ ಮಾಡುತ್ತಾರೆ. ತೊಡೆಮೂಳೆಯ ತಲೆ ಕೂರುವ ಬಟ್ಟಲಿನ ಅಂಚು ಹರಿದಿದ್ದರೆ ಎರಡು ಮೂರು ಸಣ್ಣ ತೂತು ಕೊರೆದು, ಕ್ಯಾಮೆರಾ ಇಳಿಸಿ ಹೊಲಿಯುತ್ತಾರೆ. ಹೆಚ್ಚಾಗಿ ಬೆಳೆದ ಮೂಳೆಯನ್ನು ಹೆರೆಯುತ್ತಾರೆ. ಗಾಯ ಬೆರಳ ಉಗುರಿನಷ್ಟು. ನಾಲ್ಕು ದಿನಕ್ಕೆ ಊರುಗೋಲು ಹಿಡಿದು ಮನೆಗೆ. ಆದರೆ ಹತ್ತು ವರ್ಷದ ಮೇಲೆ ಆ ಕೀಲು ಹೇಗಿರುತ್ತದೆ? ಅದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದನ್ನು ತಿಳಿಯಲೆಂದೇ ದೊಡ್ಡ ಡಾಕ್ಟರು ಇನ್ನೂರ ಎಂಬತ್ತಾರು ಜನರ ಪಟ್ಟಿ ಮಾಡಿ, ಪ್ರತಿ ವರ್ಷ ಎಲ್ಲರನ್ನೂ ಕೇಳಬೇಕೆಂದು ಹಟ ಹಿಡಿದರು. ಕೇಳುವ ಕೆಲಸ ಅಕ್ಕನ ಪಾಲಿಗೆ ಬಂತು.

ಅಕ್ಕ ಅದಕ್ಕೂ ಮುಂಚೆ ಹದಿನಾರು ವರ್ಷ ಇದೇ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಗಾಲಿಕುರ್ಚಿ ತಳ್ಳಿದವರು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಆ ಕುರ್ಚಿಯೇ. ಬೆನ್ನು ಕೈಕೊಟ್ಟಾಗ ಕೆಳಗಿನ ಕೋಣೆಗೆ ಕಳಿಸಿದರು. “ಕಿಟಕಿ ಇಲ್ದಿರೋ ಜಾಗ ನೋಡಿ ಮೊದಲ ದಿನ ಅತ್ತುಬಿಟ್ಟೆ. ಮಾತಾಡ್ದೆ ನಾನು ಬದುಕೋಳಲ್ಲ. ಆಮೇಲೆ ಫೋನ್ ಕೊಟ್ರಲ್ಲ, ಹಬ್ಬ ಆಗೋಯ್ತು” ಎಂದು ನಗುತ್ತಾರೆ.

ಮೊದಲ ಮೂರು ವರ್ಷ ಅಕ್ಕ ಕೇಳುತ್ತಿದ್ದದ್ದು ಎಲ್ಲರೂ ಕೇಳುವುದನ್ನೇ: “ಚೆನ್ನಾಗಿದ್ದೀರಾ?” ಎಲ್ಲರೂ ಹೇಳುವುದನ್ನೇ ಆ ಕಡೆಯವರೂ ಹೇಳುತ್ತಿದ್ದರು: “ಚೆನ್ನಾಗಿದ್ದೀನಿ ಅಕ್ಕಾ, ನೀವು?” ಮಿಕ್ಕ ಪ್ರಶ್ನೆಗಳಿಗೂ ಅದೇ ಧಾಟಿಯಲ್ಲಿ “ಹೂಂ, ಹೂಂ.” ಅಕ್ಕ ಖುಷಿಯಿಂದ ‘ಉತ್ತಮ’ ಎಂದು ಬರೆಯುತ್ತಾ ಹೋದರು. ಮೂರನೇ ವರ್ಷದ ಕೊನೆಗೆ ನೋವಿದೆ ಎಂದವರು ಹನ್ನೊಂದೇ ಜನ. ಡಾಕ್ಟರ ಮುಖ ಅರಳಿತು.

ಆ ಖುಷಿಗೆ ಕಲ್ಲು ಬಿದ್ದದ್ದು ಒಂದು ಚಪ್ಪಲಿ ಅಂಗಡಿಯಲ್ಲಿ. ಕಿರಿಮಗಳಿಗೆ ಚಪ್ಪಲಿ ಕೊಡಿಸಲು ಹೋದ ಅಕ್ಕನಿಗೆ ಬೆಂಚಿನ ಮೇಲೆ ಕೂತ ಪಿ.ಟಿ. ಮೇಡಂ ಕಂಡರು. ಶಾಲೆಯಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸುವ ಗಟ್ಟಿಗಿತ್ತಿ, ಪಟ್ಟಿಯಲ್ಲಿ ಐವತ್ತೇಳನೆಯವರು. ಮೂರು ವರ್ಷವೂ ಫೋನಿನಲ್ಲಿ “ಸೂಪರ್ ಅಕ್ಕಾ!” ಎಂದವರು. ಅವರ ಯಜಮಾನರು ನೆಲದ ಮೇಲೆ ಮಂಡಿಯೂರಿ ಅವರ ಕಾಲಿಗೆ ಕಾಲ್ಚೀಲ ಏರಿಸುತ್ತಿದ್ದರು.

“ಇದೇನ್ ಮೇಡಂ? ಚೆನ್ನಾಗಿದ್ದೀನಿ ಅಂದ್ರಲ್ಲ!”

ಮೇಡಂ ತಲೆ ತಗ್ಗಿಸಿದರು. “ನೀವು ಅಷ್ಟು ಅಕ್ಕರೆಯಿಂದ ಕೇಳ್ತಿದ್ರಿ. ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ. ಬಗ್ಗಿ ಎರಡು ವರ್ಷ ಆಯ್ತು ಅಕ್ಕಾ.”

ಅಂದು ಅಕ್ಕನಿಗೆ ಅನ್ನ ಸೇರಲಿಲ್ಲ. ಈ ರಿಜಿಸ್ಟರ್ ನಂಬಿಯೇ ಡಾಕ್ಟರು ಹೊಸಬರಿಗೆ ಧೈರ್ಯ ಹೇಳುತ್ತಿದ್ದರು, ಹೊಸಬರು ಆಪರೇಷನ್ ಟೇಬಲ್ ಏರುತ್ತಿದ್ದರು. ಐವತ್ತೇಳನೆಯವರು ಸುಳ್ಳು ಹೇಳಿದ್ದರೆ ಐವತ್ತೆಂಟನೆಯವರು? ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರುದಿನ ಅಕ್ಕ ರಿಜಿಸ್ಟರನ್ನು ಡಾಕ್ಟರ ಮೇಜಿನ ಮೇಲಿಟ್ಟು ಹೇಳಿಬಿಟ್ಟರು: “ಇದ್ರಲ್ಲಿರೋ ಉತ್ತಮ ಎಲ್ಲಾ ನಂಬೋ ಹಾಗಿಲ್ಲ ಸರ್. ತಪ್ಪು ನಂದು. ಅವ್ರು ಮರ್ಯಾದೆಗೆ ಹೇಳಿದ್ರು, ನಾನು ಬರ್ಕೊಂಡೆ.”

“ಕೆಲ್ಸ ಹೋಯ್ತು ಅಂತಲೇ ಅಂದ್ಕೊಂಡಿದ್ದೆ” ಎನ್ನುತ್ತಾರೆ ಅಕ್ಕ. ಡಾಕ್ಟರು ಬಹಳ ಹೊತ್ತು ಪುಟ ತಿರುಗಿಸಿದರು. ಆಮೇಲೆ ಕೇಳಿದ್ದು ಒಂದೇ: “ಮತ್ತೆ ಹೇಗೆ ಕೇಳ್ತೀರಮ್ಮ?”

ಅಂದಿನಿಂದ ‘ಚೆನ್ನಾಗಿದ್ದೀರಾ’ ಬಂದ್. ಮೊದಲ ಪ್ರಶ್ನೆ ಕಾಲ್ಚೀಲ. ಅದಕ್ಕೆ ಯಾರೂ ಮರ್ಯಾದೆಗೆ ಉತ್ತರ ಕೊಡುವುದಿಲ್ಲ, ಒಂದೋ ತಾವೇ ಹಾಕಿಕೊಂಡಿರುತ್ತಾರೆ, ಇಲ್ಲವೇ ಇಲ್ಲ. ಸೊಂಟ ಮಡಚದಿದ್ದರೆ ಕೈ ಕಾಲ್ಬೆರಳಿಗೆ ಎಟುಕುವುದಿಲ್ಲ. ಇನ್ನೂರ ಎಂಬತ್ತಾರು ಜನರಿಗೂ ಮೊದಲಿಂದ ಫೋನ್ ಮಾಡಲು ನಾಲ್ಕು ತಿಂಗಳು ಹಿಡಿಯಿತು. ನೋವಿರುವವರ ಲೆಕ್ಕ ಹನ್ನೊಂದಿದ್ದದ್ದು ನಲವತ್ತಮೂರಾಯಿತು. ಫೋನ್ ಎತ್ತದವರ ಮನೆಗೆ ರಜೆಯ ದಿನ ಬಸ್ ಹತ್ತಿ ಹೋದರು. ಒಬ್ಬರ ಮನೆಯ ನಾಯಿ ಅಟ್ಟಿಸಿಕೊಂಡು ಬಂದದ್ದನ್ನು ಹೇಳುವಾಗ ಅಕ್ಕನ ಬೆನ್ನುನೋವೂ ಮಾಯ: “ಅವತ್ತು ನಾನು ಓಡಿದ್ದು ನೋಡಿದ್ರೆ ಪಿ.ಟಿ. ಮೇಡಂ ಬಹುಮಾನ ಕೊಡ್ತಿದ್ರು!”

ಈ ತಿಂಗಳು ಹತ್ತು ವರ್ಷದ ಸುತ್ತು ಮುಗಿಯುತ್ತಿದೆ. ಸಿಗದೆ ಉಳಿದವರು ಮೂರೇ ಜನ. ಮುಕ್ಕಾಲು ಪಾಲು ಜನ ತಮ್ಮ ಕಾಲ್ಚೀಲ ತಾವೇ ಹಾಕಿಕೊಳ್ಳುತ್ತಾರೆ. ಏಳರಲ್ಲಿ ಒಬ್ಬರು ಮಾತ್ರ ಕೊನೆಗೆ ಕೀಲನ್ನೇ ಬದಲಿಸಿಕೊಳ್ಳಬೇಕಾಯಿತು. ಅವರಲ್ಲಿ ಹೆಚ್ಚಿನವರು ಆಪರೇಷನ್ ಹೊತ್ತಿಗೇ ಐವತ್ತು ದಾಟಿದವರು, ಕೀಲು ಸವೆದವರು. ಅಂಥವರು ಬಂದರೆ ಡಾಕ್ಟರು ಈಗ ಈ ಮಾತನ್ನು ಮೊದಲೇ ತಿಳಿಸುತ್ತಾರೆ. ಕೆಲವರು ಯೋಚಿಸಿ ವಾಪಸ್ ಹೋಗುವುದೂ ಉಂಟು. “ಏಳರಲ್ಲಿ ಒಬ್ರು ಅಂತ ಡಾಕ್ಟ್ರು ಹೇಳೋದು ಕೇಳಿದಾಗೆಲ್ಲ, ಆ ಒಬ್ಬೊಬ್ರ ದನಿನೂ ನಂಗೆ ಗೊತ್ತಲ್ಲಾ ಅನ್ಸುತ್ತೆ” ಎನ್ನುತ್ತಾ ಅಕ್ಕ ರಿಜಿಸ್ಟರಿನ ಮಡಚಿದ ಅಂಚನ್ನು ನೇರ ಮಾಡುತ್ತಾರೆ.

ವರ್ಷದ ಕೊನೆಗೆ ಅಕ್ಕನಿಗೆ ನಿವೃತ್ತಿ. ಸನ್ಮಾನ, ಶಾಲು ಯಾವುದೂ ಬೇಡವಂತೆ. “ನನ್ನ ಜಾಗಕ್ಕೆ ಬರೋರು ಚೆನ್ನಾಗಿದ್ದೀರಾ ಅಂತ ಮಾತ್ರ ಕೇಳ್ದಿದ್ರೆ ಸಾಕು.”

ಅಷ್ಟರಲ್ಲಿ ಫೋನ್ ತಾನಾಗೇ ಬಡಿದುಕೊಳ್ಳುತ್ತದೆ. ಐವತ್ತೇಳನೆಯವರು. ಕೀಲು ಬದಲಿಸಿಕೊಂಡ ಮೇಲೆ ಪಿ.ಟಿ. ಮೇಡಂ ಅಕ್ಕನ ಕರೆಗೆ ಕಾಯುವುದೇ ಇಲ್ಲ.

“ಅಕ್ಕಾ, ಬರ್ಕೊಳ್ಳಿ. ಎರಡೂ ಕಾಲಿಗೆ ನಾನೇ ಹಾಕ್ಕೊಂಡೆ!”

ಅಕ್ಕನ ಮುಖವೆಲ್ಲ ನಗು. ಪೆನ್ನು ಮಾತ್ರ ಕಾಗದಕ್ಕೆ ತಾಗಿಲ್ಲ.

“ನಿಂತ್ಕೊಂಡಾ, ಕೂತ್ಕೊಂಡಾ?”

“ಕೂತ್ಕೊಂಡು ಅಕ್ಕಾ. ನಿಮ್ಮತ್ರ ಇನ್ನು ಸುಳ್ಳು ಹೇಳಲ್ಲ.”

“ಕೂತುಕೊಂಡು” ಎಂದು ಅಕ್ಕ ಗುಂಡಗೆ ಬರೆಯುತ್ತಾರೆ.