ಬಾಗಿಲ ಹಿಡಿಯ ಹಿಂದಿನ ಗೀರು

ನಮ್ಮ ಪಕ್ಕದ ಶೆಡ್ಡಿನಲ್ಲಿ ಕಾರುಗಳಿಗೆ ಪಾಲಿಶ್ ಹೊಡೆಯುವವನು ಐವತ್ತು ದಾಟಿದ ಆಸಾಮಿ. ನಾನು ಕಾರಿನ ಸೀಟು ಹೊಲಿಯುವವನು. ಇಬ್ಬರ ನಡುವೆ ಇರುವುದು ಒಂದು ತಗಡಿನ ಗೋಡೆ, ಅದೂ ಅರ್ಧ. ಹಾಗಾಗಿ ಅವನ ಮನೆಯ ಮಾತೆಲ್ಲ ನನಗೆ ಬಾಯಿಪಾಠ.

ಬಾನೆಟ್ಟು, ಬಾಗಿಲು, ಡಿಕ್ಕಿ ಅವನ ಪಾಲು. ಪಾಲಿಶ್ ಮೆಷಿನ್ನಿನ ತುದಿಯಲ್ಲಿ ತಿರುಗುವ ದೊಡ್ಡ ಪ್ಯಾಡ್ ಹೋಗದ ಸಂದುಗೊಂದುಗಳೆಲ್ಲ ಅವನ ಅಕ್ಕನ ಪಾಲು: ಕನ್ನಡಿಯ ಬುಡ, ನಂಬರ್ ಪ್ಲೇಟಿನ ಸುತ್ತ, ಬಾಗಿಲ ಹಿಡಿಯ ಹಿಂದೆ ಎಲ್ಲರ ಉಗುರು ತಾಗಿ ಗೀರಾಗುವ ಗುಳಿ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಸಾಕಿದವಳು, ಮದುವೆಯ ಗೋಜಿಗೇ ಹೋಗದವಳು, ಕೂದಲು ಬೆಳ್ಳಗಾದ ಮೇಲೆ ಒಬ್ಬ ನಿವೃತ್ತ ಬಸ್ ಡ್ರೈವರನನ್ನು ಮೆಚ್ಚಿ ಮದುವೆಯಾಗಿ ದೂರದ ಊರಿಗೆ ಹೊರಟೇಬಿಟ್ಟಳು. ತಮ್ಮನೇ ಮುಂದೆ ನಿಂತು ಮದುವೆ ಮಾಡಿಸಿದ. ನಗುನಗುತ್ತಲೇ ಬಸ್ಸು ಹತ್ತಿಸಿ ಬಂದ. ಆಮೇಲೆ ಸಂಜೆಯವರೆಗೂ ಮೆಷಿನ್ ಮುಟ್ಟದೆ ಸುಮ್ಮನೆ ಕೂತಿದ್ದ.

ಅಲ್ಲಿಂದ ಶುರುವಾಯಿತು ನೋಡಿ ಫೋನಿನ ಕಾಟ. ಕೈಗೆಲ್ಲ ಪಾಲಿಶ್ ಮೆತ್ತಿರುವುದರಿಂದ ಸ್ಪೀಕರ್ ಹಾಕಿ ಫೋನನ್ನು ಡಬ್ಬದ ಮೇಲಿಡುತ್ತಾನೆ. ಕನ್ನಡಿಯ ಬುಡಕ್ಕೆ ಯಾವ ಪ್ಯಾಡ್? ಅಂಚಿಗೆ ಟೇಪ್ ಅಂಟಿಸಬೇಕಾ? ಬೆರಳಗಲದ ಸ್ಪಾಂಜು ಪ್ಯಾಡ್ ತರುವುದಾದರೆ ಮೆತ್ತಗಿನ ಕಪ್ಪಿನದಾ, ಗಟ್ಟಿ ಕಿತ್ತಳೆಯದಾ? ಭಾವ ಫೋನ್ ಎತ್ತಿದರೆ, "ಇವತ್ತು ಯಾವ ಮೂಲೆಯಪ್ಪಾ?" ಎಂದು ನಕ್ಕು ಹೆಂಡತಿಗೆ ಕೊಡುತ್ತಾನೆ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ಮೆಷಿನ್ ಹಿಡಿದವನಿಗೆ ಇಷ್ಟೂ ಗೊತ್ತಿಲ್ಲವೇ, ಇನ್ನೂ ಅಕ್ಕನ ಸೆರಗು ಹಿಡಿದು ಓಡಾಡುವ ಮಗು ಎಂದುಕೊಳ್ಳುತ್ತಿದ್ದೆ.

ಮೊನ್ನೆ ಒಂದು ಕರಿ ಕಾರು ಬಂತು. ಹಿಡಿಯ ಹಿಂದೆ ಬರೀ ಗೀರು. ಇವನು ಫೋನ್ ಮಾಡಿದ.

"ಅಕ್ಕಾ, ಹಿಡಿ ಹಿಂದೆ ಉಣ್ಣೆ ಪ್ಯಾಡ್ ಹಾಕ್ಲಾ?"

ಸೂಜಿಗೆ ದಾರ ಪೋಣಿಸುತ್ತಿದ್ದ ನಾನೇ ತಲೆ ಎತ್ತಿದೆ. ಉಣ್ಣೆ ಪ್ಯಾಡ್ ಒರಟಾಗಿ ಉಜ್ಜುವಂಥದ್ದು. ಅಷ್ಟು ಚಿಕ್ಕ ಜಾಗದಲ್ಲಿ ಇಟ್ಟರೆ ಬಿಸಿಯೇರಿ ಬಣ್ಣವೇ ಸುಟ್ಟುಹೋಗುತ್ತದೆ. ಅದು ಸೀಟು ಹೊಲಿಯುವ ನನಗೂ ಗೊತ್ತು.

ಅತ್ತ ಕಡೆಯಿಂದ ಅಕ್ಕ ಕೇಳಿದಳು.

"ಲೋ, ಉಣ್ಣೆ ಹಾಕಿದ್ರೆ ಬಣ್ಣ ಸುಡುತ್ತೆ, ಮೆತ್ತಗಿರೋ ಸ್ಪಾಂಜು ಹಾಕು ಅಂತ ನಂಗೆ ಕಲಿಸಿದ್ದು ಯಾರೋ?"

ಇವನು ಪ್ಯಾಡನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

"ನೀನೇ ಅಲ್ವೇನೋ? ಒಂದೊಂದು ಮೂಲೇನೂ ನೀನೇ ತೋರಿಸಿಕೊಟ್ಟಿದ್ದು."

"ಹೂಂ."

"ಮತ್ತೆ?"

"ಮತ್ತೇನಿಲ್ಲ. ಬೇಜಾರು ಕಣಕ್ಕಾ. ನೀನಿಲ್ದೆ ಶೆಡ್ಡು ಬಿಕೋ ಅನ್ನುತ್ತೆ. ವಾಪಸ್ ಬರಲ್ವಾ?"

ಅಕ್ಕನ ದನಿ ಸಣ್ಣಗಾಯಿತು. "ನಂಗೂ ದಿನಾ ಅಲ್ಲೀದೇ ನೆನಪು. ನಿನ್ನ ನೋಡೋಕೆ ಬಂದೇ ಬರ್ತೀನಿ. ಆದ್ರೆ ಇರೋಕೆ ಬರಲ್ಲ ಕಣೋ. ನಾನಿಲ್ಲಿ ಚೆನ್ನಾಗಿದೀನಿ. ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿರ್ತೀನಿ ಅಂತ ನಾನೇ ಅಂದ್ಕೊಂಡಿರ್ಲಿಲ್ಲ."

"ನಂಗೆ ಅದೇ ಬೇಕಾಗಿದ್ದು," ಎಂದ. ಬಾಯಲ್ಲಿ ಹಾಗಂದನೇ ಹೊರತು ಕಣ್ಣು ತುಂಬಿ ಬಂದಿತ್ತು.

ಫೋನ್ ಇಟ್ಟ ಮೇಲೆ ಡಬ್ಬದ ತಳದಿಂದ ಬೆರಳಗಲದ ಕಪ್ಪು ಸ್ಪಾಂಜು ಪ್ಯಾಡ್ ತೆಗೆದ. ಯಾರನ್ನೂ ಕೇಳಲಿಲ್ಲ. ಅಂಚಿಗೆ ಟೇಪ್ ಅಂಟಿಸಿ, ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೆಷಿನ್ನನ್ನು ನಿಧಾನಕ್ಕಿಟ್ಟು ಉಜ್ಜತೊಡಗಿದ. ನಾನು ಹೊಲಿಗೆ ಬಿಟ್ಟು ಹೋಗಿ ಟಾರ್ಚ್ ಹಿಡಿದೆ.

ಮುಗಿದ ಮೇಲೆ ಒರೆಸಿ, ಬಗ್ಗಿ ನೋಡಿದ.

"ಅಕ್ಕ ಮಾಡಿದ್ರೆ ಇನ್ನೂ ಚೆನ್ನಾಗಿ ಬರ್ತಿತ್ತು, ಅಲ್ವಾ?"

ನನಗೆ ಒಂದು ಗೀರೂ ಕಾಣಲಿಲ್ಲ. ಆದರೂ ಹೌದು ಎಂದೆ.