ಸೆಕ್ರೆಟರಿ ಕುಂಟಿದ ಮಧ್ಯಾಹ್ನ

ಚೆನ್ನೈನ ವೇಲಚೇರಿಯ ನಮ್ಮ ಫ್ಲ್ಯಾಟ್ಸ್‌ಗೆ ನಾನು ಸೆಕ್ರೆಟರಿಯಾದದ್ದು ಕೈ ಎತ್ತಿದ ತಪ್ಪಿಗೆ. ಮೀಟಿಂಗಿನಲ್ಲಿ ಸೆಕೆ ತಡೆಯಲಾಗದೆ, ಯಾರಾದರೂ ಫ್ಯಾನ್ ಹಾಕಿ ಎನ್ನಲು ಕೈ ಎತ್ತಿದೆ. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು. ಇಪ್ಪತ್ತನಾಲ್ಕು ಮನೆಗಳಲ್ಲಿ ಆ ಕೆಲಸ ಯಾರಿಗೂ ಬೇಡವಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಆದರೆ ಒಪ್ಪಿಕೊಂಡದ್ದನ್ನು ಅರ್ಧಂಬರ್ಧ ಮಾಡುವವಳಲ್ಲ ನಾನು. ಮೂಗಿನ ತುದಿಯಲ್ಲೇ ಕೋಪ ಇರುವ ಹೆಂಗಸಿನ ಕೈಗೆ ನೋಟೀಸ್ ಬೋರ್ಡು ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಅದೇ ಸುಮಾರಿಗೆ ಆಫೀಸಿನಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ನಿಮ್ಮ ಬದುಕನ್ನು ನಡೆಸುವ ಮೂರು ಮೌಲ್ಯಗಳನ್ನು ಬರೆಯಿರಿ ಎಂದರು. ಪಕ್ಕದವರೆಲ್ಲ ಪೆನ್ನು ಕಚ್ಚುತ್ತಾ ಕೂತಿದ್ದಾಗ ನಾನು ಒಂದೇ ಉಸಿರಿಗೆ ಬರೆದು ಮುಗಿಸಿದೆ: ಶಿಸ್ತು, ಶುಚಿ, ಸಮಯಪಾಲನೆ. ನನ್ನನ್ನು ನಾನು ಇಷ್ಟು ಚೆನ್ನಾಗಿ ಬಲ್ಲೆನಲ್ಲ ಅಂತ ಹೆಮ್ಮೆಯಾಯಿತು. ಆ ಚೀಟಿಯನ್ನು ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹನ್ನೊಂದು ವರ್ಷದ ಮಗಳು ನೀರಿನ ಬಾಟಲಿ ತೆಗೆಯಲು ಬಂದವಳು ಅದನ್ನು ಓದಿದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು.

“ಇದುಲ ಸಿರಿಪ್ಪೇ ಇಲ್ಲಯೇಮ್ಮಾ,” ಅಂದಳು.

“ನಗೋದೆಲ್ಲ ಒಂದು ಮೌಲ್ಯವೇನೇ? ಬಾಗಿಲು ಮುಚ್ಚು, ತಣ್ಣಗಿರೋದೆಲ್ಲ ಹಾಳಾಗತ್ತೆ,” ಅಂದೆ.

ಆ ವಾರವೇ ಯಾರದೋ ಚೆಂಡು ಬಿದ್ದು ಒಂದು ಸ್ಕೂಟರಿನ ಕನ್ನಡಿ ಒಡೆಯಿತು. ನಾನು ಬಿಡುತ್ತೇನೆಯೇ? ಕೆಳಗಡೆ ಕಾರು ನಿಲ್ಲಿಸುವ ಜಾಗದಲ್ಲಿ ಯಾರೂ ಯಾವ ಆಟವನ್ನೂ ಆಡಕೂಡದು, ಆಡಿದವರ ಮನೆ ನಂಬರನ್ನು ಬೋರ್ಡಿನ ಮೇಲೆ ಬರೆಯಲಾಗುವುದು ಎಂದು ನೋಟೀಸ್ ಹಚ್ಚಿದೆ. ಕೆಳಗೆ ನನ್ನ ಸಹಿ. ಮಕ್ಕಳು ರಸ್ತೆಯಾಚೆಯ ಫ್ಲ್ಯಾಟ್ಸ್‌ಗೆ ಆಡಲು ಹೋಗತೊಡಗಿದರು. ನನ್ನ ಮಗಳನ್ನು ಮಾತ್ರ ಕರೆಯಲಿಲ್ಲ. ಅವಳನ್ನು ಕರೆದರೆ ಹಿಂದೆಯೇ ಅವಳಮ್ಮ ಬರುತ್ತಾಳೆ ಅಂತ ಅವರ ಭಯ. ಸಾಯಂಕಾಲ ಅವಳು ಬಾಲ್ಕನಿಯಲ್ಲಿ ನಿಂತು ರಸ್ತೆಯ ಆಚೆ ನೋಡುತ್ತಿದ್ದಳು. ನನಗೆ ಕಾಣುತ್ತಿತ್ತು. ಕಂಡೂ ಕಾಣದವಳಂತೆ ಒಗೆದ ಬಟ್ಟೆ ಮಡಿಸುತ್ತಿದ್ದೆ. ಒಂದೊಂದು ಸಲ ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಶಿಸ್ತು ಅಂದರೆ ಸುಮ್ಮನೆಯೇ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೀಗಿರುವಾಗ ಭಾರೀ ಮಳೆಯ ಎಚ್ಚರಿಕೆ ಬಂತು. ವೇಲಚೇರಿಯಲ್ಲಿ ಮಳೆ ಅಂದರೆ ಜನ ಮೊದಲು ಹುಡುಕುವುದು ಕೊಡೆಯನ್ನಲ್ಲ, ಕಾರಿನ ಕೀಲಿಯನ್ನು. ನೀರು ನುಗ್ಗಿ ಮುಳುಗದಿರಲೆಂದು ಎಲ್ಲರೂ ಕಾರು ಹತ್ತಿ ಎತ್ತರದ ಫ್ಲೈಓವರಿಗೆ ಹೋಗಿ, ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ, ನಡೆದುಕೊಂಡು ವಾಪಸು ಬಂದರು. ಸ್ಕೂಟರುಗಳೂ ಅವುಗಳ ಹಿಂದೆಯೇ ಹೋದವು. ನಾವು ಮೇಣದಬತ್ತಿ, ಹಾಲಿನ ಪುಡಿ, ಬ್ರೆಡ್ಡು ಎಲ್ಲ ಕೂಡಿಟ್ಟುಕೊಂಡು ಕಾದೆವು. ಮಾರನೆಯ ದಿನ ಒಂದು ಹನಿಯೂ ಬೀಳಲಿಲ್ಲ. ಹಪ್ಪಳ ಒಣಗಿಸಬಹುದಾದಂಥ ಬಿಸಿಲು.

ಅವತ್ತು ಶಾಲೆಗಳಿಗೆ ಮಳೆಯ ರಜೆ, ನಾನೂ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದೆ. ನೀರೆತ್ತುವ ಪಂಪು ಸರಿಯಿದೆಯೋ ನೋಡೋಣವೆಂದು ಮಧ್ಯಾಹ್ನ ಕೆಳಗಿಳಿದೆ. ಮೈಮೇಲೆ ನೈಟಿ, ಹೆಗಲ ಮೇಲೊಂದು ಟವೆಲು. ನನ್ನ ಚಪ್ಪಲಿಯ ಸದ್ದು ಕೇಳಿದ್ದೇ ತಡ, ಮಕ್ಕಳು ದಿಕ್ಕಾಪಾಲಾಗಿ ಓಡಿದರು. ಕಾರುಗಳಿಲ್ಲದ ಆ ಜಾಗ ಮದುವೆಯ ಛತ್ರದಷ್ಟು ವಿಶಾಲವಾಗಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಎಂಟು ಮನೆ, ಮೂರನೆಯ ಮನೆಯಲ್ಲಿ ಒಂದು ಹೆಂಚಿನ ಚೂರು. ಓಡದೆ ಉಳಿದವಳು ನನ್ನ ಮಗಳೊಬ್ಬಳೇ. ಅವಳು ಆಟಕ್ಕೇ ಸೇರಿರಲಿಲ್ಲ. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು ಅಷ್ಟೆ.

ಒರೆಸುವ ಬಟ್ಟೆ ತರಿಸಬೇಕು ಅಂದುಕೊಂಡೇ ಬಗ್ಗಿ ಆ ಚೂರನ್ನು ಎತ್ತಿಕೊಂಡೆ. ಅಂಚು ನುಣ್ಣಗೆ ಸವೆದಿತ್ತು. ಅಂಥದೇ ಒಂದು ಬಿಲ್ಲೆಯನ್ನು ಮೈಸೂರಿನಲ್ಲಿ ನಾನು ಇಡೀ ಎರಡು ವರ್ಷ ಶಾಲೆಯ ಕಂಪಾಸ್ ಬಾಕ್ಸಿನಲ್ಲಿ ಕಾಪಾಡಿಕೊಂಡಿದ್ದೆ, ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಬೆರಳುಗಳಿಗೆ ಅದು ನೆನಪಿತ್ತು. ಯೋಚನೆ ಮಾಡುವುದರೊಳಗೆ ಬಿಲ್ಲೆ ಕೈಬಿಟ್ಟು ನಾಲ್ಕನೆಯ ಮನೆಗೆ ಹೋಗಿತ್ತು, ನನ್ನ ಎಡಗಾಲು ಮೇಲೆದ್ದಿತ್ತು.

ಕುಂಟಿದೆ. ಒಂದು ಕೈಯಲ್ಲಿ ನೈಟಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಟವೆಲು ಒತ್ತಿಕೊಂಡು, ಮಂಡಿ ಲಟಕ್ಕೆಂದರೂ ಬಿಡದೆ ಕುಂಟಿದೆ. ಮೆಟ್ಟಿಲ ಕಡೆಯಿಂದ ಒಂದು ನಗು ಚಿಮ್ಮಿತು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ! ಅದನ್ನು ಕೇಳಿ ನನಗೂ ನಗು ಬಂತು, ನಗುವಿಗೆ ಮೈ ತೂಗಾಡಿತು. ಇಬ್ಬರಿಗೂ ಉಸಿರು ಸಿಗದಷ್ಟು ನಗು. ಏಳನೆಯ ಮನೆಯಲ್ಲಿ ಒಂಟಿಕಾಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಎದುರಿಗೆ ನಮ್ಮ ಫ್ಲ್ಯಾಟ್ಸಿನ ಪ್ರೆಸಿಡೆಂಟರು ನಿಂತಿದ್ದರು.

ಪೆರಂಬೂರಿನಲ್ಲಿ ರೈಲಿನ ಬೋಗಿ ಕಟ್ಟುವ ಕೆಲಸದಲ್ಲಿದ್ದು ನಿವೃತ್ತರಾದವರು, ಅಂಗಿಯ ಗುಂಡಿ ಕೊರಳವರೆಗೂ ಹಾಕುವ ಹಿರಿಯರು. ನನ್ನ ನೋಟೀಸನ್ನು ತಿದ್ದಿ ಕೊಟ್ಟವರೂ ಅವರೇ. ಕಾಲಿಗೆ ಏನಾದರೂ ಚುಚ್ಚಿತೇನಮ್ಮಾ ಅಂತ ತಮಿಳಿನಲ್ಲಿ ಕಾಳಜಿಯಿಂದ ಕೇಳಿದರು.

ಹೌದು ಸಾರ್, ಮುಳ್ಳು ಅಂದರೆ ಮುಗಿದಿತ್ತು. ನನ್ನ ಮಾನ ಉಳಿಯುತ್ತಿತ್ತು. ಆದರೆ ಮಗಳ ನಗು ಅರ್ಧಕ್ಕೆ ನಿಂತುಹೋಗಿತ್ತು. ಅಮ್ಮ ಈಗ ಏನು ಹೇಳುತ್ತಾಳೆ ಅಂತ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ ಸಾರ್,” ಅಂದೆ ತಮಿಳಿನಲ್ಲಿ, “ಆಡ್ತಾ ಇದೀನಿ.”

ಅವರು ನನ್ನನ್ನು ನೋಡಿದರು, ನೋಟೀಸನ್ನು ನೋಡಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಪಾಪ ಯಾರಾದರೂ ಏನು ಮಾಡಬೇಕು? ಹಾಗಾದರೆ ಬೋರ್ಡು, ಅಂತ ಮೆಲ್ಲಗೆ ಕೇಳಿದರು. ಕಾಲು ಕೆಳಗಿಟ್ಟು, ಬಿದ್ದಿದ್ದ ಸೀಮೆಸುಣ್ಣವನ್ನೇ ತೆಗೆದುಕೊಂಡು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: 2ಸಿ. ನಮ್ಮ ಮನೆಯ ನಂಬರು. ಮೆಟ್ಟಿಲು ಹತ್ತುವಾಗ ತಲೆ ಎಷ್ಟು ಹಗುರವಾಗಿತ್ತೆಂದರೆ, ಎರಡೆರಡು ಮೆಟ್ಟಿಲು ಹಾರಿ ಹತ್ತಿ ಮಂಡಿ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದರೆ ಬೋರ್ಡಿನ ಮೇಲೆ 2ಸಿ ಒಂಟಿಯಾಗಿರಲಿಲ್ಲ. ಕೆಳಗೆ 1ಎ, 3ಬಿ, 3ಡಿ, ಹೀಗೆ ಸಾಲು. ಕೆಲವು ಮಕ್ಕಳ ಸೊಟ್ಟ ಅಕ್ಷರ, ಕೆಲವು ದೊಡ್ಡವರ ಕೈಬರಹ. ಮಧ್ಯದಲ್ಲಿ ಮತ್ತೊಂದು 2ಸಿ. ನೋಡಿದರೆ ಬೆಳಗಿನ ವಾಕಿಂಗಿಗೆ ಹೋಗಿದ್ದ ನನ್ನ ಗಂಡ, ಬಾಯಿ ಬಿಡದ ಮನುಷ್ಯ, ತಾನೂ ಕುಂಟಿ ಪ್ರಾಮಾಣಿಕವಾಗಿ ಬರೆದು ಹೋಗಿದ್ದರು. ಎಲ್ಲಕ್ಕಿಂತ ಕೆಳಗೆ, ರೈಲಿನ ಬೋಗಿಯ ಮೇಲೆ ಬರೆದಷ್ಟು ನೆಟ್ಟಗೆ 4ಎ ಅಂತಿತ್ತು. ಅದು ಪ್ರೆಸಿಡೆಂಟರ ಮನೆ.

ಎರಡು ದಿನ ಬಿಟ್ಟು ಕಾರುಗಳು ಫ್ಲೈಓವರಿನಿಂದ ಇಳಿದು ಬಂದು ಕುಂಟೆಬಿಲ್ಲೆಯ ಎಂಟು ಮನೆಗಳ ಮೇಲೂ ನಿಂತವು. ನೋಟೀಸನ್ನೇನೋ ಹರಿದುಹಾಕಿದೆ, ಜಾಗ ಎಲ್ಲಿಂದ ಬರಬೇಕು? ನಗು ಬೇಕು ಅಂತ ಬಾಯಲ್ಲಿ ಹೇಳಿ ಜಾಗ ಮಾತ್ರ ಬೇರೆಯವರು ಕೊಡಲಿ ಅಂದರೆ ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಆಗುತ್ತದೆ. ನಮ್ಮ ಕಾರನ್ನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸೋಣ ಅಂದೆ. ಗಂಡ ಒಂದು ದಿನ ಮುಖ ಊದಿಸಿಕೊಂಡರು, ಮಾರನೆಯ ದಿನ ಕೀಲಿ ತೆಗೆದುಕೊಂಡರು. ಈಗ ದಿನಾ ಬೆಳಿಗ್ಗೆ ಕಾಗೆಯ ಹಿಕ್ಕೆ ತೊಳೆಯುತ್ತಾ ಕಾಗೆಗಳಿಗೆ ಅಚ್ಚ ಕನ್ನಡದಲ್ಲಿ ಬೈಯುತ್ತಾರೆ. ಸುತ್ತಮುತ್ತ ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯ.

ಫ್ರಿಜ್ಜಿನ ಚೀಟಿ ಇನ್ನೂ ಅಲ್ಲೇ ಇದೆ. ಆ ಮೂರೂ ನನ್ನವೇ, ಬಿಡಲಾರೆ. ನಾಲ್ಕನೆಯದನ್ನು ಬರೆದಿಲ್ಲ, ಸಂಜೆ ಆರಕ್ಕೆ ಇಳಿದು ಆಡುತ್ತೇನೆ.

ಮೊನ್ನೆ ಆಫೀಸಿನಿಂದ ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆರೂ ಕಾಲಾಗಿತ್ತು. ನನ್ನ ಚಪ್ಪಲಿಯ ಸದ್ದಿಗೆ ಯಾವ ಮಗುವೂ ಓಡಲಿಲ್ಲ. ಆರು ಹುಡುಗಿಯರ ನಡುವೆ ಬಿಲ್ಲೆ ಹಿಡಿದು ನಿಂತಿದ್ದ ಮಗಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು.

“ಅಮ್ಮಾ, ಲೇಟು. ಹೋಗಿ ಕೊನೇಲಿ ನಿಂತ್ಕೋ,” ಅಂದಳು. ಪೂರ್ತಿ ಕನ್ನಡದಲ್ಲಿ, ಥೇಟ್ ನನ್ನದೇ ದನಿಯಲ್ಲಿ.

ನಾನು ಬ್ಯಾಗು ಕೆಳಗಿಟ್ಟು ಕೊನೆಯಲ್ಲಿ ಹೋಗಿ ನಿಂತೆ.