ಮೂರನೇ ಹೊಲಿಗೆ

ರಬಕವಿಯ ನೇಕಾರ ಸಂಗಪ್ಪನವರ ಬೆರಳು ಪವರ್‌ಲೂಮಿಗೆ ಸಿಕ್ಕಿತ್ತು. ಹರಕು ಸೀರೆಯಲ್ಲಿ ಕೈ ಸುತ್ತಿಕೊಂಡು ನಮ್ಮ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ಬಿಚ್ಚಿ ನೋಡಿದರೆ ಬೆರಳ ತುದಿ ಜೋತಾಡುತ್ತಿತ್ತು. ನಾನಿನ್ನೂ ಹೊಸ ಡಾಕ್ಟರು.

"ತುದಿ ತೆಗದ್ರ ಲಗೂ ಮಾಯತೈತ್ರಿ. ಹೊಲದ್ರ ಹಿಡೀತೈತಿ ಅಂತ ಖಾತ್ರಿ ಇಲ್ಲ," ಅಂದೆ.

"ತುದಿ ಇಲ್ದ ಎಳಿ ಹೆಂಗ ಹಿಡೀಲ್ರಿ? ಎಳಿ ಹರದ್ರ ನಾವು ಸೀರಿ ಕತ್ತರಿಸಿ ಚೆಲ್ತೀವೇನು? ಗಂಟ ಹಾಕಿ ನೇಯ್ತೀವಿ. ಹೊಲೀರಿ!"

ಬೆರಳು ಜೋಮು ಹಿಡಿಯಲು ಇಂಜೆಕ್ಷನ್ ಕೊಟ್ಟೆ. ನೋವು ಹೋದದ್ದೇ ತಡ, ಮನುಷ್ಯ ಎದ್ದು ಕೂತು ನನ್ನ ಕೆಲಸ ನೋಡತೊಡಗಿದರು.

"ಮೂರನೇ ಹೊಲಿಗಿ ಸೊಟ್ಟ ಆತ್ರಿ, ಡಾಕ್ಟರ ಸಾಹೇಬ್ರ. ಬಿಚ್ಚಿ ಹಾಕ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಬಗ್ಗಿ ನೋಡಿದರೆ, ಖರೆನೇ ಸೊಟ್ಟ! ಬಿಚ್ಚಿ ಮತ್ತೆ ಹಾಕಿದೆ. ನರ್ಸಮ್ಮ ಮುಖ ತಿರುಗಿಸಿ ನಕ್ಕರು.

ಮೂರು ವಾರದ ಮೇಲೆ ಸಂಗಪ್ಪನವರು ಬಂದು ಬೆರಳು ಮಡಚಿ ತೋರಿಸಿದರು. ತುದಿ ಹಿಡಿದಿತ್ತು. ಹೊಗಳಿಕೆಗೆ ಕಾದು ನಿಂತೆ.

"ಬೆರಳು ಛಲೋ ಆತ್ರಿ. ಆದ್ರ ಇದು ಸೀರಿ ಆಗಿದ್ರ ಡ್ಯಾಮೇಜ್ ಮಾಲಿನಾಗ ಹೋಗ್ತಿತ್ತು."

ಅಂದಿನಿಂದ ಸೂಜಿ ಹಿಡಿಯುವ ಮೊದಲು ಎಲ್ಲರ ಉದ್ಯೋಗ ಕೇಳುತ್ತೇನೆ. ಕೇಸ್‌ಪೇಪರಿಗೆ ಬೇಕೇನೋ ಅಂತ ಪಾಪ, ಅವರೂ ಹೇಳುತ್ತಾರೆ.